ರೇಷ್ಮೆ ಗಿರಣಿಯ ಗೇಟಿನಲ್ಲಿ

"ಒಳಗೆ ಹೋಗಬೇಡಿ. ನಾಳೆ ಕೆಡವೋ ಕಟ್ಟಡ ಇದು."

ಆ ಧ್ವನಿಗೆ ಐಚುರೆಕ್ ಕ್ಯಾಮೆರಾ ಕೆಳಗಿಳಿಸಿದಳು. ತಿರುಗಿ ನೋಡುವ ಮೊದಲೇ ಗೊತ್ತಾಗಿತ್ತು... ಜಾನಿಶ್!

ಅವಳ ಮುಖ ಕಂಡು ಅವನೂ ಅಲ್ಲೇ ನಿಂತುಬಿಟ್ಟ.

ಓಶ್ ಊರಿನ ಹಳೆಯ ರೇಷ್ಮೆ ಗಿರಣಿ ನೆಲಕ್ಕುರುಳುವ ಮುನ್ನ ಚಿತ್ರ ತೆಗೆದಿಡಲು ಅವಳು ಬಂದಿದ್ದಳು. ಅವಳ ಅಮ್ಮ ಇಲ್ಲೇ ನೂಲಿಗೆ ಬಣ್ಣ ಹಾಕುತ್ತಿದ್ದವಳು. ಕೆಡವುವ ಕೆಲಸದ ಮೇಸ್ತ್ರಿ ಇವನೇ ಆಗಿರಬಹುದೆಂದು ಕನಸಲ್ಲೂ ಎಣಿಸಿರಲಿಲ್ಲ.

ಒಂದು ಕಾಲಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಪ್ರಾಣವಾಗಿದ್ದವರು. ತಾಯಿಗೆ ತೋರಿಸಲು ಮನೆಗೆ ಕರೆದೊಯ್ಯುತ್ತೇನೆ, ಗಿರಣಿ ಗೇಟಿನ ಹತ್ತಿರ ಕಾಯಿ ಎಂದಿದ್ದ. ಬರಲೇ ಇಲ್ಲ. ಆಮೇಲೆ ರಷ್ಯಾಕ್ಕೆ ದುಡಿಯಲು ಹೋದನೆಂಬ ಸುದ್ದಿ ಬಂತು. ಅವಳು ಹಲ್ಲು ಕಚ್ಚಿ, ಮನೆಯವರು ತೋರಿಸಿದವನನ್ನು ಮದುವೆಯಾದಳು. ಆ ಮದುವೆ ಬಾಳಲಿಲ್ಲ.

ಜಾನಿಶ್ ಹೆಲ್ಮೆಟ್ ಕೊಟ್ಟು ತಾನೇ ಒಳಗೆ ಕರೆದೊಯ್ದ. ಮುರಿದ ಗಾಜು, ಪಾರಿವಾಳಗಳು, ಗೋಡೆಯ ಮೇಲೆ ಇನ್ನೂ ಮಾಸದ ನೀಲಿ ಕಲೆ... ಅವಳು ಕ್ಲಿಕ್ಕಿಸುತ್ತ ಹೋದಳು.

'ಕೇಳಬಾರದು... ಏನೂ ಕೇಳಬಾರದು.'

ಸ್ಟೇಷನ್ ರಸ್ತೆಯ ಗೇಟಿಗೆ ಬಂದಾಗ ಅವನು ನಿಂತ.

"ಇದರದ್ದೂ ಒಂದು ಫೋಟೊ ತೆಗಿ. ಕತ್ತಲಾಗೋವರೆಗೂ ಇಲ್ಲೇ ಕಾದೆ. ನೀನು ಬರಲಿಲ್ಲ."

ಅವಳು ಸರ್ರನೆ ಅವನತ್ತ ತಿರುಗಿದಳು. "ಇಲ್ಲಿ? ನಾನು ಹೊಳೆ ಕಡೆ ಗೇಟಲ್ಲಿದ್ದೆ, ಜಾನಿಶ್. ಅಮ್ಮ ಕೆಲಸಕ್ಕೆ ಹೋಗ್ತಿದ್ದದ್ದು ಅಲ್ಲಿಂದಲೇ. ನಮಗೆ ಗೇಟು ಅಂದ್ರೆ ಅದೇ..."

"ನಮ್ಮಮ್ಮ ಗಿರಣಿ ಕೆಲಸಕ್ಕೆ ಇಲ್ಲಿಂದ ಹೋಗ್ತಿದ್ರು." ಅವನು ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತ.

ಒಂದು ಫೋನ್ ಮಾಡಿದ್ದರೆ ಸಾಕಿತ್ತು. ತಾನು ಬೇಡವಾದೆನೆಂದು ಅವನಿಗೆ ರೋಷ. ಕೈಬಿಟ್ಟವನನ್ನು ಕೇಳುವುದೇನೆಂದು ಅವಳಿಗೆ ಹಮ್ಮು.

ಅಂದು ಅವನ ತಾಯಿ ಸೊಸೆಯಾಗುವವಳ ಕಿವಿಗೆಂದು ಬೆಳ್ಳಿಯ ಓಲೆ ತೆಗೆದಿಟ್ಟು, ಮಾಂಸದ ಪಲಾವಿನಂಥ ಪ್ಲೋವ್ ಮಾಡಿ ಕಾದಿದ್ದರಂತೆ. ಆ ಚಳಿಗಾಲ ಅವರು ದಾಟಲಿಲ್ಲವಂತೆ. ಕೇಳುತ್ತ ಕೇಳುತ್ತ ಐಚುರೆಕ್ ಅತ್ತಳು. ಆ ತಾಯಿಯ ಮುಖವನ್ನೂ ಅವಳು ನೋಡಿರಲಿಲ್ಲ.

"ಆ ಓಲೆ?" ಎಂದಳು ಕೊನೆಗೆ.

"ತಂಗಿ ಮದುವೇಲಿ ಕೊಟ್ಬಿಟ್ಟೆ."

"ಒಳ್ಳೇದೇ ಮಾಡಿದೆ."

"ಐಚುರೆಕ್... ನಾನು ಮದುವೆ ಆಗಲಿಲ್ಲ. ನಿನ್ನ ಬಿಟ್ಟು ಬೇರೆಯವರನ್ನ ಆಗೋಕೆ ಆಗಲಿಲ್ಲ."

ಅವಳು ಪಕ್ಕದಲ್ಲಿ ಕೂತಳು. ಅವನ ಕಿವಿಯ ಬಳಿ ಕೂದಲು ನರೆತಿತ್ತು.

"ನಾನೀಗ ಆ ಹುಡುಗಿ ಅಲ್ಲ, ಜಾನಿಶ್."

"ನನಗೂ ಮಂಡಿ ನೋವು ಶುರುವಾಗಿದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಧೂಳು ಮೆತ್ತಿದ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನಿಮ್ಮಮ್ಮನ ಸಮಾಧಿ ಹತ್ತಿರ ಕರಕೊಂಡು ಹೋಗು. ಮೊದಲು ಅವರ ಹತ್ರ ಕ್ಷಮೆ ಕೇಳಬೇಕು ನಾನು."

"ಇಬ್ಬರೂ ಕೇಳೋಣ," ಎಂದ ಜಾನಿಶ್.