ಮಿಸ್ಸುಸ್, ಮಿಸ್ಸಾ, ಮಿಸ್ಸುಂ

"ಬಾಯಿ ಬಿಟ್ರೆ ಮುತ್ತು ಉದುರುತ್ತೇನಮ್ಮಾ? ಹೇಳು!" ಎಂದರು ಲ್ಯಾಟಿನ್ ಮಿಸ್.

ಮುತ್ತಲ್ಲ, ಹಲ್ಲು ಉದುರಿತ್ತು. ಅದೂ ಮುಂದಿನ ಹಲ್ಲು, ನಿನ್ನೆ ಸಂಜೆ. ಆಗಿನಿಂದ 'ಸ' ಅಂದರೆ ಸಾಕು, ಸಂದಿಯಿಂದ ಕುಯ್ಯ್ ಎಂದು ಸೀಟಿ! "ಅಮ್ಮಾ, ಕುಕ್ಕರ್ ಕೂಗ್ತು, ಸ್ಟವ್ ಆಫ್ ಮಾಡು!" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಕ್ಲಾಸಿನವರೂ ಹಾಗೇ ನಕ್ಕರೆ? ಆ ಭಯಕ್ಕೆ, ಎಲ್ಲರೂ ಮಾತಿನಮಲ್ಲಿ ಎಂದು ಕರೆಯುವ ಹುಡುಗಿ ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಇವತ್ತೇ ಈ ಹಾಳು ಪಾಠ ಬರಬೇಕೆ!

"ಊರಿಗೆ ಕಳಿಸಿದ ಹುಡುಗ, ಊರಿಗೆ ಕಳಿಸಿದ ಹುಡುಗಿ, ಊರಿಗೆ ಕಳಿಸಿದ ಗಿಫ್ಟ್. ನಮಗೆ ಎಲ್ಲಕ್ಕೂ ಒಂದೇ 'ಕಳಿಸಿದ' ಸಾಕು. ಲ್ಯಾಟಿನ್‌ಗೆ ಸಾಲಲ್ಲ. ಹುಡುಗ ಆದ್ರೆ ಮಿಸ್ಸುಸ್, ಹುಡುಗಿ ಆದ್ರೆ ಮಿಸ್ಸಾ, ಗಿಫ್ಟ್ ಆದ್ರೆ ಮಿಸ್ಸುಂ. 'ಸ್ಸ' ಒತ್ತಿ ಹೇಳ್ಬೇಕು. ಒಂದು 'ಸ' ಅಲ್ಲ, ಎರಡು!" ಎಂದಿದ್ದರು ಮಿಸ್.

ಎರಡು! ಇವಳಿಗೆ ಒಂದಕ್ಕೇ ಗತಿಯಿರಲಿಲ್ಲ.

ಮಲ್ಲಿ ಕಣ್ಣು ಮುಚ್ಚಿ "ಮಿಸ್ಸ್ಸುಸ್ಸ್" ಎಂದಳು.

ಕುಯ್ಯ್ಯ್ಯ್!

ಕಿಟಕಿಯಾಚೆ ರನ್ನಿಂಗ್ ರೇಸಿಗೆ ಗೆರೆಯ ಮೇಲೆ ಬಗ್ಗಿ ನಿಂತಿದ್ದ ಚಿಕ್ಕ ಮಕ್ಕಳು ದಡಬಡ ಓಡಿಯೇಬಿಟ್ಟರು. ಪಿ.ಟಿ. ಸರ್ ವಿಸಲ್ ಇನ್ನೂ ಅವರ ಕೈಯಲ್ಲೇ ಇತ್ತು.

ಸರ್ ಕೆಂಡಾಮಂಡಲವಾಗಿ ಬಾಗಿಲಿಗೆ ಬಂದರು. "ಯಾರ್ರೀ ಇಲ್ಲಿ ವಿಸಲ್ ಹೊಡೆದಿದ್ದು?"

ಗಾಬರಿಯಲ್ಲಿ ಮಲ್ಲಿಯ ಬಾಯಿಂದ ಮುಂದಿನ ರೂಪ ಜಾರಿತು. "ಮಿಸ್ಸಾ!"

ಸರ್ ಕಣ್ಣು ಕಣ್ಣು ಬಿಟ್ಟರು. "ಮಿಸ್ಸಾ? ಏನ್ ಮಿಸ್, ನೀವೂ ವಿಸಲ್ ಹೊಡೀತೀರಾ?"

"ಅಯ್ಯೋ, ನಾನಲ್ಲ ಸಾರ್! ಮಿಸ್ಸಾ ಅಂದ್ರೆ ಕಳಿಸಿದ ಹುಡುಗಿ!"

"ಯಾರು ಕಳಿಸಿದ್ದು ಇವಳನ್ನ?"

"ಯಾರೂ ಕಳಿಸಿಲ್ಲ ಸಾರ್, ಅದು ಗ್ರಾಮರ್!"

ಸರ್‌ಗೆ ತಲೆಬುಡ ಅರ್ಥವಾಗಲಿಲ್ಲ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮಿಸ್ ಡಸ್ಟರಿನಿಂದ ಮುಖ ಮುಚ್ಚಿಕೊಂಡು ನಗಲು ಹೋಗಿ ಮೂಗಿಗೆಲ್ಲ ಚಾಕ್‌ಪುಡಿ ಮೆತ್ತಿಕೊಂಡರು.

ಮಲ್ಲಿ ಬೆಳಿಗ್ಗೆಯಿಂದ ಹೆದರಿದ್ದು ಇದೇ ನಗುವಿಗೆ. ಈಗ ನೋಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿರುವವಳು ಅವಳೇ. ಬಾಯಿಗೆ ಕೈ ಅಡ್ಡ ಹಿಡಿಯುವುದೇ ಮರೆತುಹೋಗಿತ್ತು. ಹಲ್ಲಿನ ಸಂದಿ ಎಲ್ಲರಿಗೂ ಕಾಣುತ್ತಿತ್ತು. ಕಂಡರೆ ಕಾಣಲಿ ಅನ್ನಿಸಿತು.

"ಏಯ್, ಮೂರನೇದು ಬಾಕಿ ಇದೆ ಕಣೇ. ಬೇಗ ಹೇಳೇ!" ಎಂದಳು ಪಕ್ಕದ ಬೆಂಚಿನವಳು.

ಹೊರಗೆ ಚಿಕ್ಕ ಮಕ್ಕಳು ಮತ್ತೆ ಗೆರೆಯ ಮೇಲೆ ಬಗ್ಗಿ, ಈ ಕಿಟಕಿಯನ್ನೇ ನೋಡುತ್ತ ಕಾಯುತ್ತಿದ್ದರು. ಮಲ್ಲಿ ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದುಕೊಂಡಳು.