ಅಪ್ಪ ಬರೆದುಕೊಟ್ಟ ಸಾಕ್ಷಿ

"ನನಗಾಗ ಹತ್ತು ವರ್ಷ ಪ್ರಾಯ. ದೇವರ ಧ್ವನಿ ನನ್ನನ್ನು ಹೆಸರು ಹಿಡಿದು ಕರೆಯಿತು…"

ಪಾತ್ರೆ ತೊಳೆಯುವ ಕೋಣೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಅವಳು ಜೋರಾಗಿಯೇ ಹೇಳಿಕೊಳ್ಳುತ್ತಿದ್ದಳು. ಇಂಗ್ಲಿಷಿನಲ್ಲಿ ಒಪ್ಪಿಸಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಬಾಯಿಪಾಠ ಮಾಡಿದರೆ ನಾಲಿಗೆಗೆ ಸಲೀಸು. ಯಾರ ಕಿವಿಗೆ ಬಿದ್ದರೂ ಏನಂತೆ? ಈ ಪರದೇಶದಲ್ಲಿ ಕನ್ನಡ ಯಾರಿಗೆ ಬರುತ್ತೆ!

"ಇದನ್ನ ಬರೆದುಕೊಟ್ಟಿದ್ದು ನಿಮ್ಮಪ್ಪನಾ?"

ಎದೆ ಧಸಕ್ಕೆಂದಿತು. ಮಾತು ಬಂದದ್ದು ಸಿಂಕಿನ ಕೆಳಗಿಂದ!

ಮೊದಲು ಎರಡು ಬೂಟು, ಆಮೇಲೆ ಒದ್ದೆಯಾದ ಅಂಗಿ, ಕೊನೆಗೆ ಮೂಗಿನ ಮೇಲೆ ಗ್ರೀಸ್ ಮೆತ್ತಿಕೊಂಡ ಒಂದು ಮುಖ ಹೊರಬಂತು. ಮೂವತ್ತು ತುಂಬಿರದ ಪ್ಲಂಬರ್.

"ಕದ್ದು ಕೇಳಿಸಿಕೊಳ್ತಾ ಇದ್ರಾ?"

"ಕದ್ದು ಏನಿಲ್ಲ. ಪೈಪ್ ಬಿಗಿ ಮಾಡ್ತಾ ಇದ್ದೆ. ನೀವೇ ಬಂದು ಶುರು ಮಾಡಿದ್ರಿ."

"ಅಪ್ಪ ಬರೆದಿದ್ದು ಅಂತ ಹೇಗೆ ಹೇಳ್ತೀರಿ?"

"ಮಾತು ಅರವತ್ತು ವರ್ಷದವರದ್ದು, ದನಿ ಇಪ್ಪತ್ತೈದರದ್ದು." ಅವನು ಚೀಲ ಎತ್ತಿಕೊಂಡ. "ತಪ್ಪು ತಿಳ್ಕೋಬೇಡಿ. ಎಷ್ಟೋ ದಿನದ ಮೇಲೆ ನಮ್ಮ ಭಾಷೆ ಕಿವಿಗೆ ಬಿತ್ತು… ಬಾಯಿ ತಡೀಲಿಲ್ಲ."

ಅವನು ಹೋದ ಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು. ಬಂದು ಇನ್ನೂ ಒಂದು ದಿನವಾಗಿಲ್ಲ. ಆಗಲೇ ಸಿಕ್ಕಿಬಿದ್ದಳಲ್ಲ!

ಅವಳು ನರ್ಸ್. ಐದು ವರ್ಷ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ದುಡಿದವಳು. ಅಪ್ಪ ಊರಿನ ಚರ್ಚಿನ ಸಭಾಪಾಲಕರು. ಮಗಳು ಮಿಷನರಿ ಆಗಬೇಕೆನ್ನುವುದು ಅವರ ಹದಿನೈದು ವರ್ಷದ ಪ್ರಾರ್ಥನೆ. ಅವಳು ಈ ತರಬೇತಿ ಶಾಲೆಗೆ ಹೊರಟಾಗ ಇಡೀ ಸಭೆ ಬಸ್ ನಿಲ್ದಾಣಕ್ಕೆ ಬಂದಿತ್ತು. ಆದರೆ ಆರು ತಿಂಗಳ ತರಬೇತಿಯಲ್ಲಿ ಮೊದಲ ವಾರ ಬರೀ ಪರೀಕ್ಷೆ. ಗುರುವಾರ ಎಲ್ಲರ ಮುಂದೆ ತನ್ನ ಸಾಕ್ಷಿ ಹೇಳಬೇಕು, ಅಂದರೆ ದೇವರು ತನ್ನನ್ನು ಹೇಗೆ ಕರೆದ ಅನ್ನುವುದನ್ನು. ಭಾನುವಾರ ತೀರ್ಮಾನ. ಒಪ್ಪಿಗೆಯಾಗದವರು ಪೆಟ್ಟಿಗೆ ಕಟ್ಟಬೇಕು.

ಒಂದೇ ವಾರಕ್ಕೆ ವಾಪಸ್ ಹೋದರೆ ಅಪ್ಪ ಸಭೆಗೆ ಹೇಗೆ ಮುಖ ತೋರಿಸುತ್ತಾರೆ?

ಮಂಗಳವಾರ ಅಡುಗೆಮನೆಯ ಸರದಿಯಲ್ಲಿ ಅವಳಿಗೆ ಒಂದು ಮೂಟೆ ಆಲೂಗಡ್ಡೆ ಸಿಕ್ಕಿತು. ಪ್ಲಂಬರ್ ಕೇಳದೆಯೇ ಎದುರಿಗೆ ಸ್ಟೂಲ್ ಎಳೆದು ಕೂತ. ಶಾಲೆಯಲ್ಲಿ ಎಲ್ಲರೂ ಅವನನ್ನು ಸ್ಪ್ಯಾನರ್ ಅಂತಲೇ ಕರೆಯುತ್ತಾರೆಂದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು.

"ನಿನ್ನೆ ಅಧಿಕಪ್ರಸಂಗ ಆಯ್ತು," ಅಂದ. "ಅದಕ್ಕೆ ದಂಡ ಕಟ್ಟೋಕೆ ಬಂದಿದ್ದೀನಿ."

"ಹಾಗಾದ್ರೆ ಅರ್ಧ ಮೂಟೆ ನಿಮ್ದು."

ಸಿಪ್ಪೆ ತೆಗೆಯುತ್ತಾ ಅವನು ತನ್ನ ಕಥೆ ಹೇಳಿದ. ಮೂರು ವರ್ಷದ ಹಿಂದೆ ಅವನೂ ವಿದ್ಯಾರ್ಥಿಯಾಗಿಯೇ ಬಂದವನು. ಸಾಕ್ಷಿ ಹೇಳಲು ನಿಂತ. ಬಾಯಿ ಕಟ್ಟಿಹೋಯಿತು. ಎರಡು ನಿಮಿಷ ಸುಮ್ಮನೆ ನಿಂತು, ಕೂತುಬಿಟ್ಟ.

"ಶಾಲೆ ನಡೆಸೋ ಮೇಡಂ ಕೇಳಿದ್ರು, 'ನಿನಗೆ ಏನು ಬರುತ್ತೆ?' ಅಂತ. 'ಪೈಪ್ ಜೋಡಿಸೋಕೆ ಬರುತ್ತೆ' ಅಂದೆ. 'ನೀರಿಲ್ಲದ ಕಡೆ ದೇವರ ಮಾತಿಗಿಂತ ಮೊದಲು ಪೈಪೇ ಬೇಕಪ್ಪಾ, ಇರು' ಅಂದ್ರು. ಇದ್ದುಬಿಟ್ಟೆ."

ಅವಳು ನಕ್ಕಳು. ಬಂದಮೇಲೆ ಮೊದಲ ಸಲ.

ಬುಧವಾರ ವಿದ್ಯಾರ್ಥಿಗಳನ್ನೆಲ್ಲ ವೃದ್ಧಾಶ್ರಮಕ್ಕೆ ಕರೆದೊಯ್ದರು. ಒಬ್ಬೊಬ್ಬರೂ ಒಬ್ಬ ಹಿರಿಯರ ಜೊತೆ ಕೂತು ನಂಬಿಕೆಯ ವಿಷಯ ಮಾತಾಡಿ ಬರಬೇಕು. ಅವಳ ಪಾಲಿಗೆ ಬಂದ ಅಜ್ಜ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. ಹೊದಿಕೆ ಸರಿಸಿದರೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು! ಬಿಸಿನೀರು ತರಿಸಿದಳು. ತೊಳೆದಳು, ಮದ್ದು ಹಚ್ಚಿದಳು, ಮಗ್ಗುಲು ಬದಲಿಸಿ ಬೆನ್ನಿಗೆ ದಿಂಬು ಕೊಟ್ಟಳು. ಗಂಟೆ ಬಾರಿಸಿದಾಗ ನೆನಪಾಯಿತು… ದೇವರ ಬಗ್ಗೆ ಒಂದು ಮಾತೂ ಆಡಿಲ್ಲ.

ಅಲ್ಲಿನ ಬಾಯ್ಲರ್ ರಿಪೇರಿಗೆ ಸ್ಪ್ಯಾನರ್ ಕೂಡ ಬಂದಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತ.

"ಬಾಗಿಲಿಂದ ನೋಡಿದೆ. ಆ ತಾತ ನಿಮ್ಮ ಕೈ ಬಿಡ್ತಾನೇ ಇರಲಿಲ್ಲ."

ಅವಳು ತನ್ನ ಕೈ ನೋಡಿಕೊಂಡಳು. ಯಾರಿಗೂ ಹೇಳದ್ದು ಬಾಯಿಗೆ ಬಂತು.

"ಆ ಧ್ವನಿ ನಂಗೆ ಕೇಳಿಸಿಲ್ಲ. ಹತ್ತು ವರ್ಷದವಳಿದ್ದಾಗ ಮೈಮೇಲೆ ಪ್ರಜ್ಞೆ ಇಲ್ಲದಂಥ ಜ್ವರ. ಅಪ್ಪ ಪಕ್ಕದಲ್ಲಿ ಪ್ರಾರ್ಥನೆ ಮಾಡ್ತಿದ್ರಂತೆ. ಕೇಳಿಸಿದ್ದು ಅವರಿಗೆ… ಯಾರ ಹತ್ರಾನೂ ಹೇಳಬೇಡಿ."

"ಹೇಳಲ್ಲ."

ಗುರುವಾರ ಅವಳು ಅಪ್ಪನ ಸಾಕ್ಷಿಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಚಪ್ಪಾಳೆಯೂ ಬಿತ್ತು. ಆದರೆ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಶಾಲೆಯ ಮುಖ್ಯಸ್ಥೆ ಅವರು. ಮೂವತ್ತು ವರ್ಷ ಊರೂರು ಅಲೆದು ಡಾಕ್ಟರಿಕೆ ಮಾಡಿದವರು. ಅವಳನ್ನು ಆಫೀಸಿಗೆ ಕರೆಸಿದರು.

"ಇದು ನಿನ್ನ ಮಾತಲ್ಲ ಅಂತ ನನಗೆ ಗೊತ್ತು ಮಗಳೇ. ಭಾನುವಾರ ಇನ್ನೊಂದು ಸಲ ಹೇಳು. ಆಗಲೂ ಇದೇ ಆದರೆ ನೀನು ಮನೆಗೆ ಹೋಗೋದೇ ಒಳ್ಳೆಯದು."

ಗೊತ್ತು ಅಂತೆ! ಹೇಗೆ ಗೊತ್ತಾಯಿತು?

ಅವಳು ಸೀದಾ ಪಂಪ್ ಶೆಡ್ಡಿಗೆ ನಡೆದಳು.

"ಒಂದು ದಿನಾನೂ ಮಾತು ಹೊಟ್ಟೇಲಿ ನಿಲ್ಲಲಿಲ್ವಾ ನಿಮಗೆ?"

ಸ್ಪ್ಯಾನರ್ ಗಲಿಬಿಲಿಯಾಗಿ ಎದ್ದು ನಿಂತ. "ಏನಾಯ್ತು?"

"ಮೇಡಂಗೆ ಎಲ್ಲಾ ಗೊತ್ತು. ನಾನು ಹೇಳಿದ್ದು ನಿಮಗೊಬ್ಬರಿಗೇ!"

"ನಾನು ಹೇಳಿಲ್ಲ."

"ಮತ್ತೆ ಗೋಡೆ ಹೇಳ್ತಾ?"

"ನಾನು ಹೇಳಿಲ್ಲ ನರ್ಸಮ್ಮ."

ಅವನು ಕೂಗಾಡಿದ್ದರೆ ಅವಳ ಸಿಟ್ಟು ಇಳಿಯುತ್ತಿತ್ತೋ ಏನೋ. ಅವನ ಶಾಂತಿಯೇ ಬೆಂಕಿಗೆ ತುಪ್ಪವಾಯಿತು.

"ನಾಲ್ಕು ಜನರ ಮುಂದೆ ನಿಂತು ಎರಡು ಮಾತಾಡೋಕೆ ಆಗದವರು, ಇನ್ನೊಬ್ಬರ ಸಾಕ್ಷೀನ ತೂಕ ಹಾಕೋಕೆ ಬರ್ತಾರೆ!"

ಆಡಿದ ಮೇಲೆ ಅರಿವಾಯಿತು. ಅವನ ಮುಖ ಬಿಳಿಚಿಕೊಂಡಿತು. ತಿರುಗಿ ಪಂಪಿನ ಮುಂದೆ ಕೂತ.

ಶುಕ್ರವಾರ ಬೆಳಗ್ಗೆ ಅವನು ಕಾಣಲಿಲ್ಲ. ಬೆಟ್ಟದ ಮೇಲಿನ ಮಿಷನ್ ಕ್ಲಿನಿಕ್ಕಿನಲ್ಲಿ ನೀರಿನ ಪೈಪ್ ಒಡೆದಿದೆಯಂತೆ, ಹೋಗಿದ್ದಾನಂತೆ. ಹೋಗಲಿ ಬಿಡು, ನನಗೇನು? ಹಾಗಂದುಕೊಂಡಳು. ಊಟದ ಮನೆಯ ಬಾಗಿಲು ತೆರೆದಾಗಲೆಲ್ಲ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತಿತ್ತು.

ಶನಿವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಆಫೀಸಿಗೆ ಹೋದಳು.

"ಭಾನುವಾರದವರೆಗೆ ಯಾಕೆ ಮೇಡಂ, ಇವತ್ತೇ ಹೊರಡ್ತೀನಿ. ಸ್ಪ್ಯಾನರ್ ಹೇಳಿದ್ದು ನಿಜ. ಅದು ನನ್ನ ಸಾಕ್ಷಿ ಅಲ್ಲ."

"ಅವನು ಏನು ಹೇಳಿದ?" ಮೇಡಂ ಕನ್ನಡಕ ತೆಗೆದರು. "ಅವನು ನನ್ನ ಹತ್ತಿರ ವಾಷರ್ ಬಿಟ್ಟು ಬೇರೆ ವಿಷಯ ಮಾತಾಡಿದವನೇ ಅಲ್ಲವಲ್ಲ!"

ಫೈಲಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಅಪ್ಪನ ಶಿಫಾರಸು ಪತ್ರ. 'ನನ್ನ ಮಗಳಿಗಾಗ ಹತ್ತು ವರ್ಷ ಪ್ರಾಯ. ದೇವರ ಧ್ವನಿ ಅವಳನ್ನು ಹೆಸರು ಹಿಡಿದು ಕರೆಯಿತು…' ಸಾಲಿಗೆ ಸಾಲು, ಅದೇ!

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಪತ್ರಕ್ಕಲ್ಲ, ಪಂಪ್ ಶೆಡ್ಡಿನಲ್ಲಿ ತಾನಾಡಿದ ಮಾತಿಗೆ.

ಸಂಜೆ ಮನೆಗೆ ಫೋನ್ ಮಾಡಿದಳು.

"ಅಪ್ಪಾ… ಆ ಧ್ವನಿ ನಂಗೆ ಯಾವತ್ತೂ ಕೇಳಿಸಿಲ್ಲ."

ಆ ಕಡೆ ಅಪ್ಪ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಹಾಗಾದ್ರೆ ಅಷ್ಟು ದೂರ ಯಾಕೆ ಹೋದೆ ಮಗಳೇ?"

"ನೀವು ಹೇಳಿದ್ರಿ ಅಂತ."

"ಈಗ ನಾನೇ ಹೇಳ್ತಿದ್ದೀನಿ, ಇಷ್ಟ ಇಲ್ಲದಿದ್ರೆ ಬಂದುಬಿಡು. ಸಭೆಗೆ ನಾನು ಉತ್ತರ ಕೊಡ್ತೀನಿ. ಬರ್ತೀಯಾ?"

ಹೂಂ ಅನ್ನಲು ಬಾಯಿ ತೆರೆದಳು. ಆ ಹೂಂ ಬರಲಿಲ್ಲ! ಅವಳಿಗೇ ಆಶ್ಚರ್ಯವಾಯಿತು.

"ಇಲ್ಲ ಅಪ್ಪಾ. ಇರ್ತೀನಿ."

ಭಾನುವಾರ ಅವಳು ಕೈಯಲ್ಲಿ ಕಾಗದವಿಲ್ಲದೆ ನಿಂತಳು.

"ನನ್ನ ವಾರ್ಡಿನಲ್ಲಿ ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದರು. ನೋಡಲು ಯಾರೂ ಬರುತ್ತಿರಲಿಲ್ಲ. ದಿನಾ ಬೆಳಗ್ಗೆ ತಲೆ ಬಾಚುತ್ತಿದ್ದೆ. ಕೊನೆಯ ದಿನ ಬಾಚುವಾಗ, ಹಾಸಿಗೆ ಸುತ್ತಲಿನ ಪರದೆಯ ಒಳಗೆ ನಾವಿಬ್ಬರೇ ಇಲ್ಲ, ಇನ್ನೂ ಯಾರೋ ಇದ್ದಾರೆ ಅನ್ನಿಸಿತು. ಧ್ವನಿ ಏನೂ ಕೇಳಿಸಲಿಲ್ಲ. ಆದರೆ ಯಾರೂ ಬಾರದ ಹಾಸಿಗೆಯ ಹತ್ತಿರ ಹೋಗಿ ನಿಂತಾಗಲೆಲ್ಲ ನನಗೆ ಹಾಗೇ ಅನ್ನಿಸುತ್ತೆ. ಅದಕ್ಕೇ ಬಂದೆ. ನನ್ನ ಹತ್ತಿರ ಇರುವುದು ಇಷ್ಟೇ."

ಚಪ್ಪಾಳೆ ಬೀಳಲಿಲ್ಲ. ಮೇಡಂ ಪಟ್ಟಿಯಲ್ಲಿ ಏನೋ ಗುರುತು ಹಾಕಿ, "ನಾಳೆ ಎಂಟು ಗಂಟೆಗೆ ಕ್ಲಾಸ್. ತಡ ಮಾಡಬೇಡ," ಅಂದರು.

ಆಗ ಅವಳು ನೋಡಿದಳು. ಹಿಂದಿನ ಬಾಗಿಲಲ್ಲಿ, ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಸ್ಪ್ಯಾನರ್ ನಿಂತಿದ್ದ!

ಹೊರಗಿನ ಮೆಟ್ಟಿಲ ಮೇಲೆ ಸಿಕ್ಕ.

"ನೀವು ಹೇಳಿರಲಿಲ್ಲ," ಅಂದಳು. ಕಣ್ಣು ತುಂಬಿತ್ತು. "ನಾನು ಆಡಬಾರದ್ದು ಆಡಿದೆ. ಕ್ಷಮಿಸಿ."

"ನೋವಾಗಿದ್ದು ನಿಜ." ಅವನು ಸುಳ್ಳು ಹೇಳಲಿಲ್ಲ. "ಎರಡು ದಿನ ಮಣ್ಣು ಅಗೆಯುವಾಗ ಅದೇ ತಲೇಲಿ. ಕೊನೆಗೆ ಅನ್ನಿಸ್ತು, ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ನೋವಾಗ್ತಿರಲಿಲ್ಲ ಅಂತ. ಯಾಕೆ ಅಂತ ಯೋಚನೆ ಮಾಡಿದೆ. ಉತ್ತರ ಗೊತ್ತಾದ ಮೇಲೆ ಮೊದಲ ಬಸ್ ಹಿಡಿದು ಬಂದೆ."

ಅವಳು ಕಣ್ಣೊರೆಸಿಕೊಂಡಳು.

"ಮುಂದಿನ ವರ್ಷದಿಂದ ನನ್ನ ಕೆಲಸ ಆ ಬೆಟ್ಟದ ಕ್ಲಿನಿಕ್ಕಿನಲ್ಲೇ," ಅವನು ಬೂಟಿನ ಕೆಸರು ನೋಡುತ್ತಾ ಹೇಳಿದ. "ಅಲ್ಲಿ… ಒಬ್ಬ ನರ್ಸ್ ಬೇಕಾಗಿದ್ದಾರೆ."

"ಕ್ಲಿನಿಕ್ಕಿಗಾ?"

ಅವನು ತಲೆಯೆತ್ತಿದ.

"ಕ್ಲಿನಿಕ್ಕಿಗೂ."

ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟಳು.

"ಒಂದು ವಾರದಲ್ಲಿ ಇಂಥದಕ್ಕೆಲ್ಲ ಉತ್ತರ ಕೊಡೋಕಾಗಲ್ಲ ರೀ."

"ಗೊತ್ತು. ಕೋರ್ಸ್ ಮುಗಿಯೋಕೆ ಇನ್ನೂ ತಿಂಗಳುಗಟ್ಟಲೆ ಇದೆಯಲ್ಲ. ನಾನು ಎಲ್ಲಿಗೂ ಹೋಗಲ್ಲ."

"ಅಷ್ಟು ದಿನ ಬೇಕಾಗಲಿಕ್ಕಿಲ್ಲ," ಅಂದಳು ಅವಳು, ಮೆಲ್ಲಗೆ. "ಬನ್ನಿ, ಕೂತ್ಕೊಳ್ಳಿ."