ಓದಲಾಗದ ಬೆದರಿಕೆ

ಅಂಗಡಿಯ ಶಟರು ಅರ್ಧಕ್ಕೆ ನಿಂತಿತ್ತು.

ನಿಶಾತ ಬಗ್ಗಿ ಇಣುಕಿದಳು. ಕೈಯಲ್ಲಿ ಅಣ್ಣನಿಗೆಂದು ತಂದ ಉಪ್ಪಿಟ್ಟಿನ ಡಬ್ಬಿ. "ಭಾಯಿ?" ಒಳಗೆ ಕಂಪ್ಯೂಟರಿನ ಫ್ಯಾನು ಮಾತ್ರ ಗುಂಯ್‌ಗುಡುತ್ತಿತ್ತು.

ಅಯ್ಯೂಬ ಕೀಬೋರ್ಡಿನ ಮೇಲೆ ಮುಖ ಊರಿ ಬಿದ್ದಿದ್ದ. ತಲೆಯ ಹಿಂಭಾಗದಿಂದ ಇಳಿದ ರಕ್ತ ಕಾಲರಿನಲ್ಲಿ ಹೆಪ್ಪುಗಟ್ಟಿತ್ತು. ನೆಲದ ಮೇಲೆ ಕಬ್ಬಿಣದ ಸಲಾಕೆ. ಶಟರು ಎತ್ತಲು ಅವನೇ ಇಟ್ಟುಕೊಂಡಿದ್ದ ಸಲಾಕೆ.

ನಿಶಾತ ಅಣ್ಣನ ಮೂಗಿಗೆ ಕೈ ಹಿಡಿದಳು. ಉಸಿರಿತ್ತು. ಅವನನ್ನು ಎತ್ತಲು ಹೋದಾಗ ಅವಳ ಮೊಣಕೈ ಮೌಸಿಗೆ ತಾಗಿತು. ಕಪ್ಪಾಗಿದ್ದ ಪರದೆ ಬೆಳಗಿತು.

ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು. "¤£Àß vÀAV..." ಕೆಳಗೆ ಅಂಥವೇ ಮೂರು ನಾಲ್ಕು ಸಾಲು.

ಆಗ ಅವಳು ಕೂಗಿದಳು. ಲಕ್ಷ್ಮೇಶ್ವರದ ಬಜಾರವೆಲ್ಲ ಓಡಿಬಂತು.

* * *

ಪಿಎಸ್‌ಐ ರೋಹಿಣಿ ಆ ಠಾಣೆಗೆ ಹೊಸಬರು. ಮಾತು ಕಡಿಮೆ.

"ನಿಮ್ಮಣ್ಣ ಏನ್ ಕೆಲಸ ಮಾಡ್ತಿದ್ರು?"

"ಕಂಪ್ಯೂಟರ್ ರಿಪೇರಿ ರೀ. ಹೋದ ವರ್ಷದಿಂದ ಒಂದು ಪ್ರೋಗ್ರಾಂ ಬರಿಯಾಕತ್ತಿದ್ದ."

"ಎಂಥಾದ್ದು?"

ನಿಶಾತ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಬಿಡಿಸಿ ಹೇಳಿದಳು. ತೆರಿಗೆಯ ಲೆಕ್ಕವನ್ನು ಈಗ ಎಲ್ಲರೂ ಆನ್‌ಲೈನಿನಲ್ಲೇ ಸಲ್ಲಿಸಬೇಕು. ಆದರೆ ಸರ್ಕಾರದ ತಂತ್ರಾಂಶ ಒಂದೇ ಜಾತಿಯ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಊರಿನ ವ್ಯಾಪಾರಸ್ಥರ ಬಳಿ ಇರುವುದು ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆಗಳು. ಅಯ್ಯೂಬನೇ ಅವಕ್ಕೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಟ್ಟಿದ್ದ. ಅವುಗಳಲ್ಲಿ ಅದು ತೆರೆಯುವುದೇ ಇಲ್ಲ.

"ಭಾಯಿ ಬರದಿದ್ದು ಎಲ್ಲಾ ಕಂಪ್ಯೂಟರಿನ್ಯಾಗೂ ನಡಿತೈತ್ರಿ. ತಮ್ಮ ಲೆಕ್ಕ ತಾವ ನೋಡಬಹುದು, ತಾವ ತುಂಬಬಹುದು. ಸೋಮವಾರ ಗದಗಿನ್ಯಾಗ ಎಲ್ಲಾರಿಗೂ ತೋರಸಾಂವ ಇದ್ದ. ಹಂಚಾಕ ಇಟ್ಟಿದ್ದ ಸೀಡಿ ಗಂಟು ಈಗ ಇಲ್ರಿ."

"ಇದು ಯಾರಿಗೆ ಬ್ಯಾಡಾಗಿತ್ತು?"

ನಿಶಾತ ಅನುಮಾನಿಸುತ್ತ ಹೇಳಿದಳು. "ಬೆಟಗೇರಿ ಅಝೀಮ. ಅವನ ಕಂಪ್ಯೂಟರ್ ಸೆಂಟರಿನ್ಯಾಗ ದುಡ್ಡು ಕೊಟ್ಟು ಲೆಕ್ಕ ತುಂಬಸ್ತಾರ. ಹೋದ ವಾರ ಭಾಯಿಯ ಕಾಲರ್ ಹಿಡದಿದ್ದ. 'ನನ್ನ ಹೊಟ್ಟಿ ಮ್ಯಾಲೆ ಹೊಡದ್ರ ನಿನ್ನ ಕೈ ಮುರೀತೀನಿ' ಅಂದಿದ್ದ."

ಸಂಜೆಯೊಳಗೆ ಅಝೀಮ ಠಾಣೆಯಲ್ಲಿದ್ದ.

* * *

"ಬೈದದ್ದು ಖರೆ ಐತ್ರಿ ಮೇಡಂ," ಅಂದ ಅಝೀಮ. ಅವನ ತುಟಿ ಒಣಗಿತ್ತು. "ಹೊಡದಿಲ್ರಿ. ನನ್ನ ಮಕ್ಕಳಾಣಿ."

ಠಾಣೆಗೆ ತಂದಿದ್ದ ಅಯ್ಯೂಬನ ಕಂಪ್ಯೂಟರು ಮೇಜಿನ ಮೇಲಿತ್ತು. ರೋಹಿಣಿ ಪರದೆಯನ್ನು ಅವನತ್ತ ತಿರುಗಿಸಿದರು. "ಇದೇನು?"

ಅಝೀಮ ಬಗ್ಗಿ ನೋಡಿದ. ಹುಬ್ಬು ಏರಿತು. "ಇದು ಕನ್ನಡಾನ ಐತಲ್ರಿ! ಹಳೇ ಫಾಂಟಿನ ಕನ್ನಡ. ಆ ಫಾಂಟ್ ಈ ಮಷೀನಿನ್ಯಾಗ ಇಲ್ಲ. ಅದಕ್ಕ ಹಿಂಗ ಕಾಣತೈತಿ. ನಿಮ್ಮ ಕಂಪ್ಯೂಟರಿಗೆ ಹಾಕ್ರಿ, ಕಾಣತೈತಿ."

ಕಡತವನ್ನು ನಿಶಾತಳೇ ಪೆನ್‌ಡ್ರೈವಿಗೆ ಇಳಿಸಿದಳು. ಠಾಣೆಯ ಕಂಪ್ಯೂಟರಿನಲ್ಲಿ ತೆರೆದಳು. ಗುರುತುಗಳು ಅಕ್ಷರಗಳಾದವು.

"ನಿನ್ನ ತಂಗಿ ದಿನಾ ಸೋಮೇಶ್ವರ ಗುಡಿಯ ಹಿಂದಿನ ಓಣಿಯಿಂದ ಒಬ್ಬಳೇ ಶಾಲೆಗೆ ಹೋಗುತ್ತಾಳೆ. ಪ್ರೋಗ್ರಾಂ ಹೊರಗೆ ಬಂದರೆ ಅವಳು ಮನೆಗೆ ಬರುವುದಿಲ್ಲ."

ನಿಶಾತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಳು. ಯಾರೋ ಅವಳನ್ನು ದಿನವೂ ನೋಡುತ್ತಿದ್ದರು. ಆ ಓಣಿಯಲ್ಲಿ ಎದುರಾದ ಮುಖಗಳನ್ನೆಲ್ಲ ನೆನೆಸಿಕೊಂಡಳು. ಒಂದೊಂದೂ ಈಗ ಬೇರೆಯಾಗಿ ಕಂಡಿತು.

"ಇ-ಮೇಲಿನ ಜೋಡಿ ಬಂದೈತಿ," ಅಂದಳು. "ಕಳಿಸಿದವರ ಹೆಸರು ಸುಳ್ಳು. ಭಾಯಿ ಇದನ್ನ ಬಿಡಸಾಕ ನೋಡಾಕತ್ತಿದ್ದ ಅನಸ್ತೈತಿ."

ಅಝೀಮನನ್ನು ಒಳಗೆ ಕಳಿಸಿ ರೋಹಿಣಿ ಬಾಗಿಲು ಹಾಕಿದರು. "ಇದರಾಗ ಏನೈತಿ ಅಂತ ನಮ್ಮ ಮೂರು ಮಂದಿಗೆ ಗೊತ್ತು. ಅಝೀಮ ಇಲ್ಲೇ ಇರ್ತಾನ. ನೀ ನಿಮ್ಮ ತಾಯಿಗೂ ಹೇಳಬ್ಯಾಡ."

"ಅಝೀಮನ ಇದನ್ನ ಬರದಾಂವ ಇದ್ರ?"

"ಬರದಾಂವ ಓದೂ ದಾರಿ ತಾನ ತೋರಸ್ತಾನೇನು?"

* * *

ಗದಗಿನ ಆಸ್ಪತ್ರೆಯಲ್ಲಿ ಅಯ್ಯೂಬನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ತಾಯಿ ಮೋತಿಬಿ ಹಾಸಿಗೆಯ ಪಕ್ಕದಲ್ಲಿ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದಳು. ಹೊರಗೆ ಹೆಜ್ಜೆ ಸಪ್ಪಳವಾದರೆ ಸಾಕು, ನಿಶಾತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಮರುದಿನ ಮಧ್ಯಾಹ್ನ ಕಲ್ಲಣ್ಣ ಬಂದರು. ಲಕ್ಷ್ಮೇಶ್ವರದ ತೆರಿಗೆ ಸಲಹೆಗಾರರು. ಕಾಳಿನ ವ್ಯಾಪಾರಸ್ಥರ ಲೆಕ್ಕವೆಲ್ಲ ಇವರ ಕೈಯಲ್ಲೇ. ಅಯ್ಯೂಬನ ಕೆಲಸವನ್ನು ವ್ಯಾಪಾರಸ್ಥರ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಹೊಗಳಿದವರೂ ಇವರೇ. ಮೋತಿಬಿಯ ಕೈ ಹಿಡಿದು ಕಣ್ಣು ಒರೆಸಿಕೊಂಡರು.

"ಮನಿಗೆ ಹೋಗಿ ಉಟ್ಟುಕೊಳ್ಳಾಕ ಅರಬಿ ತರಬೇಕಾಗೈತಿ," ಅಂದಳು ನಿಶಾತ.

"ಬಾರವ್ವ, ನಾನೂ ಊರಿಗೆ ಹೊಂಟೇನಿ. ಬಸ್ಸಿನ್ಯಾಗ ಒಬ್ಬಾಕಿ ಯಾಕ ಹೋಗ್ತಿ?"

ಎರಡು ದಿನಗಳಲ್ಲಿ ಮೊದಲ ಬಾರಿ ಅವಳ ಎದೆ ಹಗುರಾಯಿತು.

* * *

ಕಾರು ಮುಳಗುಂದ ದಾಟಿತು. ಎರಡೂ ಕಡೆ ಎರೆ ಹೊಲ. ಮನುಷ್ಯರ ಸುಳಿವಿಲ್ಲ.

"ಆ ಅಝೀಮನ್ನ ಹಿಡದಾರಂತ?" ಕಲ್ಲಣ್ಣ ಕೇಳಿದರು.

"ಹೌದ್ರಿ ಕಾಕಾ."

"ಛಲೋ ಆತು. ಆದ್ರೂ ನೀ ಹುಷಾರಿ ಇರು. ಆ ಗುಡಿ ಹಿಂದಿನ ಓಣಿಗುಂಟ ಒಬ್ಬಾಕೀನ ಶಾಲಿಗೆ ಹೋಗಬ್ಯಾಡ. ಇಂಥವರು ಹೇಳಿದ್ದು ಮಾಡವರ."

ನಿಶಾತ ಕಿಟಕಿಯ ಕಡೆ ನೋಡುತ್ತಿದ್ದಳು. ಹಾಗೆಯೇ ಕೂತಳು.

"ನಿಮಗ ಯಾರು ಹೇಳಿದ್ರಿ ಕಾಕಾ?"

"ಹೇಳೂದೇನು? ಅವತ್ತು ಮುಂಜಾನೆ ಮಂದಿ ಜೋಡಿ ನಾನೂ ಅಂಗಡಿಗೆ ಬಂದಿದ್ನೆಲ್ಲ. ಪರದೆ ಮ್ಯಾಲೆ ಓದಿದೆ."

ಆ ಪರದೆಯಲ್ಲಿ ಅಕ್ಷರಗಳೇ ಇರಲಿಲ್ಲ.

ಅವಳು ದುಪಟ್ಟಾದ ಒಳಗೆ ಬೆರಳುಗಳನ್ನು ಹೆಣೆದುಕೊಂಡಳು. ಕಾರಿನ ವೇಗ ಕಡಿಮೆಯಾಯಿತು.

"ಅಯ್ಯೂಬನ ಪ್ರೋಗ್ರಾಂ ಹಾಳಾಗಿ ಹೋಗಬಾರದವ್ವ," ಕಲ್ಲಣ್ಣನ ಧ್ವನಿ ಮೆತ್ತಗಿತ್ತು. "ಇನ್ನೊಂದು ಕಾಪಿ ನಿನ್ನ ಕಡೆ ಇರಬೇಕಲ್ಲ?"

ಕಾರು ರಸ್ತೆಯ ಬದಿಗೆ ಸರಿದು ನಿಂತಿತು. ಎಂಜಿನ್ ಬಂದಾಯಿತು. ಮಂಜಿನ ನಡುವೆ ಕೂತಂತೆ ಅವಳಿಗೆ ಎದುರಿನದೆಲ್ಲ ಮಸುಕಾಯಿತು. ಕಾಪಿ ಅವಳ ಚೀಲದಲ್ಲೇ ಇತ್ತು.

"ಇತ್ರಿ," ಅಂದಳು. "ನಿನ್ನೆನ ಪೊಲೀಸರು ಇಸಗೊಂಡ್ರು."

ಕಲ್ಲಣ್ಣ ಅವಳ ಮುಖವನ್ನೇ ನೋಡಿದರು. ನಿಶಾತ ಫೋನು ತೆಗೆದಳು. ಬೆರಳು ಎರಡು ಸಲ ತಪ್ಪಿತು. ಒತ್ತಿದ್ದು ರೋಹಿಣಿಯ ನಂಬರು.

"ಅಮ್ಮಾ, ನಾನು. ಕಲ್ಲಣ್ಣ ಕಾಕಾ ಅವರ ಕಾರಿನ್ಯಾಗ ಅದೀನಿ. ಯಳವತ್ತಿ ಹತ್ರ. ಚಿಂತಿ ಮಾಡಬ್ಯಾಡ, ಕಾಕಾಗ ಪರದೆ ಮ್ಯಾಲಿಂದೆಲ್ಲಾ ಗೊತ್ತೈತಿ. ಜೋಪಾನ ಕರ್ಕೊಂಡು ಬರಾಕತ್ತಾರ."

ಆ ಕಡೆಯಿಂದ ರೋಹಿಣಿಯ ತಗ್ಗಿದ ಧ್ವನಿ. "ತಿಳೀತು. ಮತ್ತ ಆ ಮಾತು ಎತ್ತಬ್ಯಾಡ. ನಾ ಬಂದೆ."

ಇವಳು ಯಾರ ಕಾರಿನಲ್ಲಿದ್ದಾಳೆಂದು ಈಗ ಇನ್ನೊಬ್ಬರಿಗೂ ಗೊತ್ತು. ಕಲ್ಲಣ್ಣ ಸ್ಟೇರಿಂಗಿನ ಮೇಲೆ ಬೆರಳು ಆಡಿಸಿದರು. ಆಮೇಲೆ ಕೀಲಿ ತಿರುಗಿಸಿದರು.

ಊರ ಬಾಗಿಲಲ್ಲಿ ಪೊಲೀಸ್ ಜೀಪು ಅಡ್ಡ ನಿಂತಿತ್ತು. ನಿಶಾತ ಇಳಿದಳು. ಡಾಂಬರಿನ ಮೇಲೆಯೇ ಕೂತಳು.

* * *

"ನನ್ನ ಯಾಕ ಕರಸೀರಿ?" ಸಂಜೆ ಠಾಣೆಯಲ್ಲಿ ಕಲ್ಲಣ್ಣ ನಗುತ್ತಲೇ ಕೇಳಿದರು.

"ಸಾಕ್ಷಿ ಬೇಕಾಗೈತ್ರಿ," ಅಂದರು ರೋಹಿಣಿ. "ಅಯ್ಯೂಬನ ಪರದೆ ಮ್ಯಾಲಿನ ಬೆದರಿಕೆ ನೀವು ಓದೀರಂತ?"

"ಈ ಕಣ್ಣಿಲೆ ಓದೇನ್ರಿ."

"ಯಾರೂ ಹೇಳಿದ್ದಲ್ಲ?"

"ಯಾರು ಹೇಳ್ತಾರ? ನಾನ ಓದೇನಿ."

ರೋಹಿಣಿ ಅದನ್ನು ಬರೆಸಿಕೊಂಡರು. ಸಹಿ ಹಾಕಿಸಿದರು. ಆಮೇಲೆ ಅಯ್ಯೂಬನ ಕಂಪ್ಯೂಟರನ್ನು ಅವರ ಮುಂದೆ ತಂದಿಟ್ಟರು.

"ಇನ್ನೊಮ್ಮೆ ಓದ್ರಿ."

ಕಲ್ಲಣ್ಣ ಚಾಳೀಸು ಕಣ್ಣಿಗೆ ಏರಿಸಿದರು. ಮುಖ ಮುಂದೆ ಚಾಚಿದರು. ನಗು ಮುಖದಲ್ಲೇ ಉಳಿದು ಸೊಟ್ಟಗಾಯಿತು.

"ಇದು... ಇದೇನೋ ಕೆಟ್ಟೈತಿ."

"ಕೆಟ್ಟಿಲ್ರಿ. ಅವತ್ತು ಮುಂಜಾನೆನೂ ಹಿಂಗ ಇತ್ತು. ನಿಮ್ಮ ಆಫೀಸಿನ್ಯಾಗಿನ ಫಾಂಟ್ ಈ ಮಷೀನಿನ್ಯಾಗ ಇಲ್ಲ. ಇಲ್ಲಿ ಇದನ್ನ ಯಾರೂ ಓದಾಕಾಗೂದಿಲ್ಲ. ಒಳಗ ಏನೈತಿ ಅಂತ ನಮ್ಮ ಮೂರು ಮಂದಿ ಬಿಟ್ಟು ಗೊತ್ತಿರೂದು ಬರದಾಂವಗ ಒಬ್ಬಗ."

ಕಲ್ಲಣ್ಣ ಚಾಳೀಸು ತೆಗೆದು ಒರೆಸಿದರು.

"ಹೊಡಿಯಾಕ ಹೋದಾಗ ಪರದೆ ಕಪ್ಪಾಗಿತ್ತು," ರೋಹಿಣಿ ಮುಂದುವರಿಸಿದರು. "ಅದಕ್ಕ ನಿಮಗ ಇದು ಗೊತ್ತಾಗಲಿಲ್ಲ. ಸೀಡಿ ಗಂಟು ನಿಮ್ಮ ಆಫೀಸಿನ ಅಟ್ಟದ ಮ್ಯಾಲೆ ಸಿಕ್ಕೈತಿ. ಇನ್ನ ಕಾರಣ. ಫಕ್ರುಸಾಬರ, ಹೇಳ್ರಿ."

ಮೂಲೆಯಲ್ಲಿ ಕೂತಿದ್ದ ಕಾಳಿನ ವ್ಯಾಪಾರಿ ಫಕ್ರುಸಾಬ ಎದ್ದ. ನಿಶಾತ ಆಗಷ್ಟೇ ಅವನ ಹಳೆಯ ಕಂಪ್ಯೂಟರಿಗೆ ಅಯ್ಯೂಬನ ಪ್ರೋಗ್ರಾಂ ಹಾಕಿಕೊಟ್ಟಿದ್ದಳು. ತನ್ನ ಲೆಕ್ಕವನ್ನು ಅವನು ಕಂಡದ್ದು ಅದೇ ಮೊದಲು.

"ಮುಂಡರಗಿ ಅಂಗಡಿಗೆ ನಾ ಲಾರಿಗಟ್ಟಲೆ ಕಡ್ಲಿ ಮಾರೇನಂತ ಐತ್ರಿ ಅದರಾಗ. ಆ ಅಂಗಡಿ ಹೆಸರ ನಾ ಕೇಳಿಲ್ಲ. ಕಲ್ಲಣ್ಣಾ, ನಿಮ್ಮನ್ನ ನಂಬಿ ಪಾಸ್‌ವರ್ಡ್ ಕೊಟ್ಟಿದ್ನಿ. ನಾಳೆ ಪೊಲೀಸರು ಬಂದ್ರ ಜೇಲಿಗೆ ಹೋಗಾಂವ ನಾನ ಆಗಿದ್ನೆಲ್ಲ?"

ಊರಿನವರ ಕಂಪ್ಯೂಟರಿನಲ್ಲಿ ತೆರಿಗೆಯ ಪುಟ ತೆರೆಯದಿರುವಷ್ಟು ದಿನವೂ ಕಲ್ಲಣ್ಣ ಕ್ಷೇಮ. ಎಲ್ಲರ ಹೆಸರಿನಲ್ಲೂ ಆಗದ ವ್ಯಾಪಾರ ತೋರಿಸಿ, ಸುಳ್ಳು ಬಿಲ್ಲು ಬೇಕಾದವರಿಗೆ ಮಾರುತ್ತಿದ್ದರು. ಅಯ್ಯೂಬನ ಪ್ರೋಗ್ರಾಂ ಬಂದರೆ ಪ್ರತಿ ಅಂಗಡಿಯಲ್ಲೂ ಆ ಪುಟ ತೆರೆಯುತ್ತಿತ್ತು. ಅದಕ್ಕೇ ಸಭೆಯಲ್ಲಿ ಹೊಗಳಿದರು, ಹಿಂದಿನಿಂದ ಬೆದರಿಸಿದರು.

ಕಲ್ಲಣ್ಣ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ಅಂದ್ರ... ಅಂವ ಇದನ್ನ ಓದೇ ಇಲ್ಲೇನು?"

"ಇಲ್ರಿ," ಅಂದಳು ನಿಶಾತ.

"ಕಳಿಸಿದ ಮರುದಿನ ಬಜಾರದಾಗ ಎದುರಾದ. ನಕ್ಕೋಂತ ಸಲಾಂ ಮಾಡಿದ. ಇಷ್ಟು ಬರದ್ರೂ ಹೆದರವಲ್ಲ, ಇಂವಗ ಎಲ್ಲಾ ಗೊತ್ತಾಗೈತಿ ಅಂತ ನನಗ ನಿದ್ದಿ ಹತ್ತಲಿಲ್ಲ." ಅವರ ಧ್ವನಿ ಒಡೆಯಿತು. "ಹೆದರಿದ್ರ ಸಾಕಾಗಿತ್ತವ್ವ. ಹೊಡಿಯೂ ವಿಚಾರ ಇರಲಿಲ್ಲ."

ಪೇದೆ ಅವರನ್ನು ಎಬ್ಬಿಸಿದ. ಅಝೀಮನನ್ನು ಬಿಟ್ಟರು.

* * *

ಶುಕ್ರವಾರ ಅಯ್ಯೂಬ ಕಣ್ಣು ತೆರೆದ. ತಾಯಿಯನ್ನು ಗುರುತಿಸಿದ. ನೀರು ಕುಡಿದ. ಆಮೇಲೆ ತೊದಲುತ್ತ ತಂಗಿಯನ್ನು ಕೇಳಿದ.

"ಒಂದು ಮೇಲ್ ಬಂದಿತ್ತು. ಅಕ್ಷರ ಕೂಡವಲ್ದಾಗಿತ್ತು. ಓದಿದ್ಯಾ? ಏನಿತ್ತದರಾಗ?"

ನಿಶಾತ ಅವನ ಹೊದಿಕೆಯನ್ನು ಸರಿಪಡಿಸಿದಳು.

"ನಿನ್ನ ಕೆಲಸ ಪಕ್ಕಾ ಐತಿ ಅಂತ ಬರದಿದ್ರು," ಅಂದಳು. "ಮಲಕೋ."